ನಿಂತರೆ ತಣ್ಣಗೆ, ಓಡಿದರೆ ಬಿಸಿ

ಅಮೇರಿಕಾಕ್ಕೆ ಹೋಗಿ ಬಂದವನನ್ನು ಚಿತ್ರದುರ್ಗದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ದೊಡ್ಡ ಜಲಪಾತ ನೋಡಿದಿರಾ, ನೀರಿನ ನಡುವೆ ನಿಂತ ಆ ಪ್ರತಿಮೆ ನೋಡಿದಿರಾ, ನೂರು ಅಂತಸ್ತಿನ ಕಟ್ಟಡ ಹತ್ತಿದಿರಾ? ಕಟ್ಟಡವನ್ನು ಶಿಕಾಗೋದಲ್ಲಿ ಕೆಳಗಿನಿಂದ ನೋಡಿದೆ, ಕತ್ತು ನೋಯಿತು. ಉಳಿದಂತೆ ಮೂರು ವಾರದಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಒಂದು ಹಳೇ ಕಾರಿನ ಬಾನೆಟ್ಟಿನ ಒಳಗನ್ನು. ಇದನ್ನು ಕೇಳಿ ನನ್ನ ಹೆಂಡತಿ ನಕ್ಕಳು. “ಅದನ್ನ ನೋಡಾಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಮೂವತ್ತೆಂಟು ವರ್ಷ ನೋಡಿದ್ದು ಸಾಲ್ಲಿಲ್ವಾ?”

ಸಾಲಲಿಲ್ಲ ಎಂದೇ ಈಗ ಅನ್ನಿಸುತ್ತದೆ. ಯಾಕೆ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ವುಡ್‌ರಿಡ್ಜ್

ಇಮ್ತಿಯಾಜ್ ಮತ್ತು ನಾನು ಚಿತ್ರದುರ್ಗದ ಐಟಿಐನಲ್ಲಿ ಒಂದೇ ಬೆಂಚಿನವರು. ಅವನ ಅಪ್ಪನದು ಬಸ್ಸು ಲಾರಿಗಳ ಸೀಟು ಹೊಲಿಯುವ ಅಂಗಡಿ. ಕೋರ್ಸು ಮುಗಿದ ಮೇಲೆ ನಾನು ಒಂದು ಖಾಸಗಿ ಬಸ್ ಕಂಪನಿಯ ಶೆಡ್ಡಿಗೆ ಸೇರಿದೆ, ಕೊನೆಗೆ ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತನಾದೆ. ಇಮ್ತಿಯಾಜ್ ಅಪ್ಪನ ಕಸುಬನ್ನೇ ಹಿಡಿದ. ಆಮೇಲೆ ಹೆಂಡತಿಯ ಅಣ್ಣ ಕರೆಸಿಕೊಂಡರು ಎಂದು ಅಮೇರಿಕಾಕ್ಕೆ ಹೋಗಿ, ಅಲ್ಲೂ ಸೀಟನ್ನೇ ಹೊಲಿದ. ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಅವನ ಮನೆ, ಮನೆಯಿಂದ ನಾಲ್ಕು ಮೈಲಿಗೆ ಅವನ ಅಂಗಡಿ. ಅವನ ಒಬ್ಬಳೇ ಮಗಳ ಮದುವೆಗೆಂದು ನಾನು ಹೋಗಿದ್ದೆ. ನನ್ನ ಪಾಸ್‌ಪೋರ್ಟಿನಲ್ಲಿ ಬಿದ್ದ ಮೊದಲ ಮುದ್ರೆ ಅದು.

ಅವನ ಹೆಂಡತಿ ಶಾಹೀನಾ ಹರಿಹರದವಳು. ನಾನು ಮಾಂಸ ತಿನ್ನುವವನಲ್ಲ ಎಂದು ನನಗಾಗಿಯೇ ಒಂದು ಹೊಸ ಕುಕ್ಕರ್, ಎರಡು ಪಾತ್ರೆ ತಂದು ಬೇರೆ ಇಟ್ಟಿದ್ದಳು. ಮದುವೆಯ ಗದ್ದಲದ ನಡುವೆಯೂ ನನ್ನ ತಟ್ಟೆಗೆ ಮೊಸರನ್ನ ತಪ್ಪಲಿಲ್ಲ.

ಮದುವೆ ಮುಗಿದು ನೆಂಟರೆಲ್ಲ ಹೋದ ಮೇಲೆ ಇಮ್ತಿಯಾಜ್ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಾಗಿಲು ಎತ್ತಿದ. ಒಳಗೆ ಕಡು ಹಸಿರು ಬಣ್ಣದ ಕಾರು ನಿಂತಿತ್ತು. ಅರವತ್ತೊಂಬತ್ತರ ಮಾಡೆಲ್. ಎರಡೇ ಬಾಗಿಲು, ಉದ್ದ ಮೂತಿ, ಆ ಮೂತಿಯೊಳಗೆ ಎಂಟು ಸಿಲಿಂಡರಿನ ಇಂಜಿನ್. ಇಂಥವನ್ನು ಅಲ್ಲಿ ಮಸಲ್ ಕಾರ್ ಅನ್ನುತ್ತಾರೆ. ಗರಡಿಯಲ್ಲಿ ಪಳಗಿದ ಪೈಲ್ವಾನನಂತೆಯೇ ನಿಂತಿತ್ತು ಅನ್ನಿ. ಒಳಗಿನ ಸೀಟಿನ ಹೊಲಿಗೆ ನೋಡಿದ ಕೂಡಲೇ ಇಮ್ತಿಯಾಜನ ಕೈ ಗೊತ್ತಾಯಿತು. ಅವನ ಅಪ್ಪನೂ ಹಾಗೇ ಹೊಲಿಯುತ್ತಿದ್ದರು, ಎಲ್ಲಿ ಶುರು ಎಲ್ಲಿ ಕೊನೆ ಕಾಣದ ಹಾಗೆ.

ಕಾರು ಮೊದಲು ಎದುರು ಮನೆಯ ಹ್ಯಾರಲ್ಡ್ ಅನ್ನುವವರದಾಗಿತ್ತಂತೆ. ವಯಸ್ಸಿನಲ್ಲಿ ಡೆಟ್ರಾಯ್ಟ್ ಕಡೆ ಕಾರಿನ ಕಾರ್ಖಾನೆಯಲ್ಲಿ ದುಡಿದು, ಆಗಲೇ ಕೊಂಡ ಕಾರು. ಇಮ್ತಿಯಾಜ್ ಹೊಸದಾಗಿ ಆ ಬೀದಿಗೆ ಬಂದಾಗ ಮೊದಲು ಬಾಗಿಲು ತಟ್ಟಿ ಮಾತಾಡಿಸಿದವರೂ ಅವರೇ. ಏಳು ವರ್ಷದ ಹಿಂದೆ ಅವರು ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿರುವ ಮಗಳ ಮನೆಗೆ ಹೋಗುವಾಗ, ಗ್ಯಾರೇಜಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕಾರನ್ನು ಇಮ್ತಿಯಾಜನಿಗೆ ಕೊಟ್ಟು ಒಂದು ಮಾತು ಹೇಳಿದ್ದರು. ಓಡುವ ಹಾಗಾದರೆ ಒಂದು ಸಲ ತಂದು ತೋರಿಸು. ಲಾರಿ ಮೇಲೆ ಹಾಕಿಕೊಂಡು ಬರಬೇಡ, ಓಡಿಸಿಕೊಂಡು ಬಾ.

“ಈಗ ಅವ್ರಿಗೆ ಎಂಬತ್ತಾರು,” ಅಂದ ಇಮ್ತಿಯಾಜ್. “ಕಣ್ಣು ಹೋಗ್ತಾ ಐತೆ. ಶನಿವಾರ ಮಗಳ ಜೊತೆ ಅರಿಜೋನಾಕ್ಕೆ ಹೋಗಿಬಿಡ್ತಾರೆ. ಅಲ್ಲಿಗೆ ಈ ಗಾಡಿ ತಗೊಂಡು ಹೋಗಾಕಾಗಲ್ಲ. ಶುಕ್ರವಾರದೊಳಗೆ ಲಿವೋನಿಯಾ ಮುಟ್ಟಿಸ್ಬೇಕು ಕಣೋ ಓಂಕಾರಿ.”

ಅವತ್ತು ಬುಧವಾರ. ತೊಂದರೆ ಏನೆಂದರೆ ಕಾರು ಬಿಸಿಯಾಗುತ್ತಿತ್ತು. ರೇಡಿಯೇಟರ್ ಬದಲಾಯಿಸಿದ್ದ, ವಾಟರ್ ಪಂಪ್ ಬದಲಾಯಿಸಿದ್ದ, ಥರ್ಮೋಸ್ಟಾಟ್ ಬದಲಾಯಿಸಿದ್ದ. ಇಂಜಿನ್ನನ್ನು ಬೇರೆ ಕಡೆ ಕೊಟ್ಟು ಹೊಸದಾಗಿ ಕಟ್ಟಿಸಿದ್ದ. ಅಂಗಡಿಗೆ, ಮಸೀದಿಗೆ, ಮನೆಯ ಬಡಾವಣೆ ಒಳಗೆ ಎಷ್ಟು ಸುತ್ತಿದರೂ ಏನೂ ಇಲ್ಲ. ಹೈವೇ ಹತ್ತಿದರೆ ಮಾತ್ರ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗುತ್ತಿತ್ತು.

“ನಿಂತ್ರೆ ಸರಿಹೋಗ್ತೈತೆ, ಓಡ್ಸಿದ್ರೆ ಹೀಟ್ ಆಗ್ತೈತೆ,” ಅಂದ.

ನಾನು ಅಷ್ಟರಲ್ಲಿ ಬಾನೆಟ್ ಎತ್ತಿ ತಲೆ ಒಳಗಿಟ್ಟಿದ್ದೆ. ಅವನು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನೀರು ನೋಡಿದೆ, ಭರ್ತಿ ಇತ್ತು. ಫ್ಯಾನ್ ಬೆಲ್ಟ್ ಒತ್ತಿ ನೋಡಿದೆ, ಬಿಗಿ ಇತ್ತು. ಮೇಲಿನ ಹೋಸ್, ಕೆಳಗಿನ ಹೋಸ್ ಎರಡನ್ನೂ ಹಿಚುಕಿದೆ, ಹೊಚ್ಚ ಹೊಸವು. ಸ್ಟಾರ್ಟ್ ಮಾಡಿಸಿ ಕಾಲು ಗಂಟೆ ನಿಲ್ಲಿಸಿದರೂ ಮುಳ್ಳು ಅಲ್ಲಾಡಲಿಲ್ಲ. ಕೈ ಒರೆಸಿಕೊಂಡು ತೀರ್ಪು ಕೊಟ್ಟೆ.

“ಥರ್ಮೋಸ್ಟಾಟ್ ಕಿತ್ತಾಕು.”

“ಹೊಸದಲ್ವೇನೋ ಅದು?”

“ಹೊಸದೇ ಮೊದ್ಲು ಕೆಡೋದು. ನಮ್ಮ ಶೆಡ್ಡಲ್ಲಿ ಯಾವ ಬಸ್ಸಲ್ಲೂ ಅದನ್ನ ಬಿಟ್ಟಿಲ್ಲ. ನೀರು ಬಿಸಿಯಾಗೋ ತನಕ ತಡೆದು ನಿಲ್ಸೋದೇ ಅದರ ಕೆಲ್ಸ. ನಮಗ್ಯಾಕೆ ಬೇಕು ತಡೆಯೋದು?”

ಕಿತ್ತು ಹಾಕಿದೆವು. ಸಂಜೆ ಊರೊಳಗೆ ಹತ್ತು ಮೈಲಿ ಸುತ್ತಿಸಿದೆವು. ಮುಳ್ಳು ಅರ್ಧಕ್ಕೂ ಬರಲಿಲ್ಲ. ನಾನು ಉಬ್ಬಿಹೋದೆ. ಊರೊಳಗೆ ಮೊದಲೂ ಬರುತ್ತಿರಲಿಲ್ಲ ಎನ್ನುವುದನ್ನು ಇಮ್ತಿಯಾಜ್ ಹೇಳಬಹುದಿತ್ತು. ಮನೆಗೆ ಬಂದ ನೆಂಟ, ಮೇಲಾಗಿ ಹೆಡ್ ಮೆಕ್ಯಾನಿಕ್ ಎಂದು ಸುಮ್ಮನಾದ. ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಶಾಹೀನಾ ಮಾತ್ರ ಮೆಲ್ಲಗೆ ಅಂದಳು, “ಅಣ್ಣಾ, ಇವ್ರು ಸೀಟ್ ಹೊಲಿಯೋರೇ ಇರ್ಬೋದು. ಆದ್ರೆ ಆ ಗಾಡಿ ಜೊತೆ ಏಳು ವರ್ಷ ಇದ್ದಾರೆ. ಸ್ವಲ್ಪ ಅವರ ಮಾತೂ ಕೇಳಿ.”

ಕೇಳುತ್ತೇನೆ ಎಂದು ತಲೆಯಾಡಿಸಿದೆ.

ಇಂಡಿಯಾನಾ

ಶಿಕಾಗೋ ದಾಟಿ ಪೂರ್ವಕ್ಕೆ ಹೊರಟರೆ ಸ್ವಲ್ಪ ದೂರ ಇಂಡಿಯಾನಾ ರಾಜ್ಯ ಸಿಗುತ್ತದೆ. ಎಡಕ್ಕೆ ದೊಡ್ಡ ಸರೋವರ ಇದೆಯಂತೆ, ಕಾಣಲಿಲ್ಲ. ಕಂಡಿದ್ದು ಉಕ್ಕಿನ ಕಾರ್ಖಾನೆಗಳ ಹೊಗೆ, ಮತ್ತು ಎರಡೂ ಪಕ್ಕಕ್ಕೆ ಗೋಡೆಯಂತೆ ಓಡುವ ಲಾರಿಗಳು. ನಮ್ಮ ಲಾರಿಗಳು ಹಾರನ್ ಹೊಡೆದಾದರೂ ‘ನಾನು ಇದ್ದೀನಿ’ ಅನ್ನುತ್ತವೆ. ಇವು ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುತ್ತವೆ. ನನಗೆ ಅದೇ ಹೆಚ್ಚು ಭಯ.

ಮುಳ್ಳು ನೂರ ಎಂಬತ್ತರಲ್ಲಿತ್ತು. ಅವರದು ಫ್ಯಾರನ್‌ಹೀಟ್ ಲೆಕ್ಕ, ಅಷ್ಟಿದ್ದರೆ ಸರಿ. ನೂರ ತೊಂಬತ್ತೈದಾಯಿತು. ಇನ್ನೂರ ಹತ್ತಾಯಿತು. ಇಮ್ತಿಯಾಜ್ ನನ್ನ ಮುಖ ನೋಡಿದ. ನಾನು ಹೊರಗಡೆ ನೋಡಿದೆ. ಇನ್ನೂರ ಇಪ್ಪತ್ತು ದಾಟಿದಾಗ ಅವನು ಕೈ ಚಾಚಿ ಕಾರಿನ ಹೀಟರ್ ಪೂರ್ತಿ ಹಾಕಿದ.

ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಂಡರೆ ಇಂಜಿನ್ನಿಗೆ ಅಷ್ಟು ಹಗುರ. ಯುಕ್ತಿ ಸರಿಯೇ. ಆದರೆ ಅದು ಜುಲೈ ತಿಂಗಳು, ಹೊರಗೆ ತೊಂಬತ್ತು ಡಿಗ್ರಿ, ನಮ್ಮ ಲೆಕ್ಕದಲ್ಲಿ ಮೂವತ್ತೆರಡು. ಕಾಲ ಬುಡದಲ್ಲಿ ಹಂಡೆ ಒಲೆ ಹಚ್ಚಿಕೊಂಡು ಕೂತ ಹಾಗಾಯಿತು. ಕಿಟಕಿ ಇಳಿಸಿ, ಅಂಗಿಯ ಗುಂಡಿ ಬಿಚ್ಚಿ, ಇಬ್ಬರೂ ಬೆವರು ಸುರಿಸುತ್ತ ಕೂತೆವು. ಪಕ್ಕದಲ್ಲಿ ಹೋಗುವ ಕಾರಿನವರು ನಮ್ಮನ್ನು ನೋಡಿ ಹೆಬ್ಬೆರಳು ಎತ್ತಿ ನಗುತ್ತಿದ್ದರು. ಎಷ್ಟು ಚೆಂದದ ಕಾರು ಅಂತ. ಒಳಗೆ ಇಬ್ಬರು ಬೇಯುತ್ತಿರುವುದು ಅವರಿಗೇನು ಗೊತ್ತು?

ದಾರಿ ಪಕ್ಕ ಪ್ರಯಾಣಿಕರಿಗೆಂದು ಮಾಡಿದ ತಂಗುದಾಣದಲ್ಲಿ ನಿಲ್ಲಿಸಿದೆವು. ಬಾನೆಟ್ ಎತ್ತಿದ್ದೇ ತಡ, ನಾಲ್ಕಾರು ಜನ ಸೇರಿದರು. ಇದರಲ್ಲಿ ಅವರೂ ನಾವೂ ಒಂದೇ. ಬಸ್ಸು ಕೆಟ್ಟರೆ ನಮ್ಮಲ್ಲಿ ಪ್ರಯಾಣಿಕರೆಲ್ಲ ಮೆಕ್ಯಾನಿಕ್ ಆಗುವಂತೆ ಅಲ್ಲೂ ಒಬ್ಬೊಬ್ಬರದು ಒಂದೊಂದು ಸಲಹೆ. ಒಬ್ಬ ರೇಡಿಯೇಟರ್ ಸಣ್ಣದು ಅಂದ, ಇನ್ನೊಬ್ಬ ಫ್ಯಾನ್ ಸಾಲದು ಅಂದ, ನಾಯಿ ಹಿಡಿದುಕೊಂಡಿದ್ದ ಒಬ್ಬ ಹೆಂಗಸು ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ನೇ ಬಿಚ್ಚಬೇಕು ಎಂದು ಹೇಳಿ ನಮ್ಮ ಎದೆಯನ್ನೇ ಒಡೆದಳು. ಮುದುಕರೊಬ್ಬರು ತಮ್ಮ ತಂದೆಯ ಹತ್ತಿರ ಇಂಥದೇ ಕಾರಿತ್ತು ಎಂದು ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡರು. ನಾನು ಸಮಾಧಾನಕ್ಕೆ ಏನಾದರೂ ಹೇಳಬೇಕು ಎಂದು ಇಂಗ್ಲಿಷ್ ಹುಡುಕುವಷ್ಟರಲ್ಲಿ ‘ಗುಡ್ ಲಕ್’ ಎಂದು ಹೊರಟೇ ಹೋದರು.

ನನಗೆ ವಿಚಿತ್ರ ಅನ್ನಿಸಿದ್ದು ಇದು. ಆ ಅರ್ಧ ಗಂಟೆಯಲ್ಲಿ ಒಬ್ಬರೂ ನಮ್ಮ ಹೆಸರು ಕೇಳಲಿಲ್ಲ. ಯಾವ ದೇಶ, ಏನು ಕೆಲಸ, ಇವನು ನಿನಗೇನಾಗಬೇಕು, ಯಾವುದೂ ಇಲ್ಲ. ಹಿರಿಯೂರಿನಲ್ಲಿ ಗಾಡಿ ಕೆಟ್ಟಿದ್ದರೆ ಸ್ಪ್ಯಾನರ್ ತರುವ ಮೊದಲು ನಮ್ಮ ಊರು, ಜಾತಿ, ಮಕ್ಕಳೆಷ್ಟು ಎಲ್ಲ ತಿಳಿದುಕೊಂಡಿರುತ್ತಿದ್ದರು. ಇಲ್ಲಿ ಕಾರಿನ ವಯಸ್ಸು ಕೇಳಿದರು, ನಮ್ಮದು ಬಿಟ್ಟರು. ಅದು ಮರ್ಯಾದೆಯೋ, ದೂರವೋ, ಮೂರು ವಾರದಲ್ಲಿ ತೀರ್ಮಾನಿಸಲು ನನ್ನಿಂದ ಆಗಲಿಲ್ಲ.

ಕಾರು ನಿಂತ ಹತ್ತು ನಿಮಿಷಕ್ಕೆ ಮುಳ್ಳು ತನ್ನ ಪಾಡಿಗೆ ಕೆಳಗಿಳಿದಿತ್ತು.

“ನೋಡ್ದಾ?” ಅಂದ ಇಮ್ತಿಯಾಜ್. “ನಾನು ಹೇಳ್ಲಿಲ್ವಾ?”

“ನೀರಲ್ಲಿ ಏರ್ ಹಿಡ್ಕೊಂಡಿರ್ಬೇಕು. ನೀರು ತುಂಬ್ಸು, ಹೋಗಣ,” ಅಂದೆ.

ಪಾ ಪಾ, ಮಿಶಿಗನ್

ಮಿಶಿಗನ್ ರಾಜ್ಯದೊಳಗೆ ಪಾ ಪಾ ಎನ್ನುವ ಊರೊಂದಿದೆ. ಯಾವುದೋ ಹಣ್ಣಿನ ಹೆಸರಂತೆ. ಊರಿನ ಫಲಕ ಓದಿ, ನಮ್ಮನ್ನು ನೋಡಿಯೇ ಇಟ್ಟಿದ್ದಾರೆ ಅಂದುಕೊಂಡೆ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಒಂದು ಅನಾಹುತ ಮಾಡಿದ್ದೆ.

ಮುಳ್ಳು ಮತ್ತೆ ಇನ್ನೂರ ಮೂವತ್ತು ಮುಟ್ಟಿದಾಗ ಇಮ್ತಿಯಾಜ್ ಪಕ್ಕಕ್ಕೆ ನಿಲ್ಲಿಸುತ್ತೇನೆ ಅಂದ. ನಾನು ಬೇಡ ಅಂದೆ. “ಇನ್ನೆರಡು ಎಕ್ಸಿಟ್ ಕಣೋ, ಎಳ್ಕೊಂಡು ಹೋಗು. ನಮ್ಮ ಬಸ್ಸುಗಳನ್ನ ಇದಕ್ಕಿಂತ ಕೆಟ್ಟ ಸ್ಥಿತೀಲಿ ಬೆಂಗ್ಳೂರು ಮುಟ್ಟಿಸಿದೀವಿ.” ಅವನು ನಂಬಿದ. ಎರಡು ಮೈಲಿಯೂ ಆಗಲಿಲ್ಲ, ಬಾನೆಟ್ಟಿನ ಸಂದಿಯಿಂದ ಬಿಳೀ ಆವಿ ಬುಸ್ಸೆಂದು ಎದ್ದು ಎದುರಿನ ಗಾಜನ್ನೆಲ್ಲ ಮುಚ್ಚಿತು. ರಸ್ತೆ ಕಾಣದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೇಗೋ ಅಂಚಿಗೆ ತಂದು ನಿಲ್ಲಿಸಿದ.

ಕೆಳಗಿಳಿದವನು ಬಾನೆಟ್ ಎತ್ತಲಿಲ್ಲ. ರಸ್ತೆ ಅಂಚಿನ ತಡೆ ಕಂಬಿಗೆ ಒರಗಿ ನಿಂತ. ಲಾರಿಗಳು ಹೋದಾಗಲೆಲ್ಲ ಕಾರು ಅಲ್ಲಾಡುತ್ತಿತ್ತು.

“ಇದು ನಿನ್ನ ಬಸ್ಸಲ್ಲ ಓಂಕಾರಿ,” ಅಂದ. ದನಿ ಎತ್ತಿರಲಿಲ್ಲ. “ಇಂಜಿನ್ ಹೋಗಿದ್ರೆ ನೀನು ಊರಿಗೆ ಹೋಗ್ತೀಯ. ನಾನು ಆ ಮುದುಕನಿಗೆ ಏನು ಹೇಳ್ಲಿ?”

ಒಂದು ಗಂಟೆಗೂ ಹೆಚ್ಚು ಅಲ್ಲೇ ಕಾದೆವು. ತಣ್ಣಗಾದ ಮೇಲೆ ಕ್ಯಾನಿನಲ್ಲಿದ್ದ ನೀರು ತುಂಬಿಸಿ, ಸ್ಟಾರ್ಟ್ ಮಾಡಿದ. ಇಂಜಿನ್ ಓಡಿತು. ಸದ್ದು ಸರಿ ಇತ್ತು. ಮುಂದಿನ ಎಕ್ಸಿಟ್‌ನಲ್ಲಿ ಹೈವೇ ಬಿಟ್ಟು ಇಳಿದು, ದ್ರಾಕ್ಷಿ ತೋಟಗಳ ನಡುವಿನ ಹಳೇ ರಸ್ತೆಯಲ್ಲಿ ಮೂವತ್ತೈದು ಮೈಲಿ ವೇಗಕ್ಕೆ ಮೀರದೆ ಹೋದೆವು. ಮುಳ್ಳು ಇಳಿದು ನೂರ ಎಪ್ಪತ್ತಕ್ಕೆ ಬಂದು ಕೂತಿತು, ಏನೂ ಆಗೇ ಇಲ್ಲವೆಂಬಂತೆ. ಪಾ ಪಾದಲ್ಲಿ ಒಂದು ಮೋಟೆಲ್ ಸಿಕ್ಕಿತು. ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು ಶಾಹೀನಾಳ ಚಪಾತಿ, ಮೊಸರನ್ನ ತಿಂದೆವು. ಅಲ್ಲಿ ಬೇಸಿಗೆಯಲ್ಲಿ ಎಂಟೂವರೆಗೂ ಬಿಸಿಲಿರುತ್ತದೆ. ಮುಖ ಮುಚ್ಚಿಕೊಳ್ಳಲು ಕತ್ತಲೂ ಬೇಗ ಬರಲಿಲ್ಲ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇಮ್ತಿಯಾಜ್ ನಮಾಜು ಮುಗಿಸಿ ಕಾಫಿ ತಂದಿಟ್ಟಿದ್ದ. ಫೋನಿನಲ್ಲಿ ಹ್ಯಾರಲ್ಡರ ಮಗಳು ಕ್ಯಾರಲ್ ಮಾತಾಡುತ್ತಿದ್ದಳು. ಲಾರಿಯಲ್ಲಿ ಹಾಕಿಸಿಕೊಂಡು ಬಂದರೂ ಅಪ್ಪನಿಗೆ ಗೊತ್ತಾಗುವುದಿಲ್ಲ, ಅವರಿಗೆ ಅಷ್ಟಾಗಿ ಕಾಣುವುದಿಲ್ಲ ಎಂದು ಹೇಳಿದಳಂತೆ. “ನನಗೆ ಗೊತ್ತಾಗ್ತದಲ್ಲಮ್ಮ” ಎಂದು ಇವನು ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟ. ನನ್ನ ಕಡೆ ತಿರುಗಿದ.

“ಓಂಕಾರಿ, ಇನ್ನೊಂದ್ಸಲ ಹೇಳ್ತೀನಿ. ಆರು ಸಲ ಹೇಳಿದೀನಿ, ಇದು ಏಳ್ನೇದು. ಬಾನೆಟ್ ಒಳಗೆ ತಲೆ ಇಡದೆ ಕೇಳು. ನಿಂತ್ರೆ ಸರಿಹೋಗ್ತೈತೆ, ಓಡ್ಸಿದ್ರೆ ಹೀಟ್ ಆಗ್ತೈತೆ.”

ಈ ಸಲ ಕೇಳಿಸಿತು. ಕಾಫಿ ಲೋಟ ಕೆಳಗಿಟ್ಟೆ. ರೇಡಿಯೇಟರ್ ಕಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ನಿಂತಾಗಲೂ ಸುಳಿವು ಕೊಡಬೇಕು. ಫ್ಯಾನ್ ಸಾಲದಿದ್ದರೆ ನಿಂತಾಗಲೇ ಹೆಚ್ಚು ಬಿಸಿಯಾಗಬೇಕು, ಓಡುವಾಗ ಗಾಳಿ ತಾನಾಗಿ ಬರುತ್ತದೆ. ಹಾಗಾದರೆ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ ಆಗುವಂಥದ್ದು ಏನೋ ಇದೆ. ನಾನು ಬುಧವಾರದಿಂದ ನೋಡಿದ್ದೆಲ್ಲ ನಿಂತ ಇಂಜಿನ್ನನ್ನು, ಇಲ್ಲವೆ ತೂಕಡಿಸುತ್ತ ನಿಂತಲ್ಲೇ ಓಡುವ ಇಂಜಿನ್ನನ್ನು. ದುಡಿಯುವಾಗ ಒಂದು ಸಲವೂ ನೋಡಿರಲಿಲ್ಲ.

“ಬಾ, ಗಾಡಿ ಹತ್ತು,” ಅಂದೆ. “ಬಾನೆಟ್ ತೆಗೆದೇ ಇರ್ತದೆ. ಬಿಸಿಯಾದ ಮೇಲೆ ನಾನು ಕೈ ಎತ್ತಿದಾಗ ರೇಸ್ ಮಾಡು. ಹೈವೇಲಿ ಎಷ್ಟು ಮಾಡ್ತೀಯೋ ಅಷ್ಟೇ. ನಾನು ಕೈ ಇಳಿಸೋ ತನಕ ಬಿಡ್ಬೇಡ.”

ಇಂಜಿನ್ ಬಿಸಿಯಾಯಿತು. ಕೈ ಎತ್ತಿದೆ. ಎಂಟು ಸಿಲಿಂಡರ್ ಒಟ್ಟಿಗೆ ಗುಡುಗಿದವು, ಮೋಟೆಲಿನ ಕಿಟಕಿಯೊಂದು ತೆರೆಯಿತು. ಫ್ಯಾನಿನ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಗ್ಗಿ ನೋಡಿದೆ. ರೇಡಿಯೇಟರಿನ ಬುಡದಿಂದ ವಾಟರ್ ಪಂಪಿಗೆ ನೀರು ಒಯ್ಯುವ ದಪ್ಪ ರಬ್ಬರ್ ಹೋಸ್ ನನ್ನ ಕಣ್ಣೆದುರೇ ನಡು ಸಣ್ಣಗಾಗತೊಡಗಿತು. ಎಳನೀರನ್ನು ಜೋರಾಗಿ ಹೀರಿದಾಗ ಸ್ಟ್ರಾ ಚಪ್ಪಟೆಯಾಗಿ ಅಂಟಿಕೊಳ್ಳುವುದಿಲ್ಲವೇ, ಹಾಗೆ. ಪಂಪು ನೀರಿಗಾಗಿ ಎಳೆಯುತ್ತಿತ್ತು, ಹೋಸು ಮುಚ್ಚಿಕೊಂಡು ದಾರಿ ಬಿಡುತ್ತಿರಲಿಲ್ಲ. ಕೈ ಇಳಿಸಿದೆ. ಸದ್ದು ಇಳಿಯಿತು. ಹೋಸು ಮೆಲ್ಲಗೆ ಉಬ್ಬಿ ಮೊದಲಿನಂತೆ ದುಂಡಗಾಯಿತು. ಬುಧವಾರ ನಾನು ಹಿಚುಕಿ ನೋಡಿ ಹೊಚ್ಚ ಹೊಸದು ಎಂದು ಬಿಟ್ಟಿದ್ದು ಅದನ್ನೇ.

ಮತ್ತೊಮ್ಮೆ ಕೈ ಎತ್ತಿದೆ. ಮತ್ತೆ ಚಪ್ಪಟೆ. ಇಳಿಸಿದೆ, ಮತ್ತೆ ದುಂಡಗೆ.

ಇಮ್ತಿಯಾಜನನ್ನು ಕರೆದು, ನಾನು ಸೀಟಿನಲ್ಲಿ ಕೂತು ರೇಸ್ ಮಾಡಿ ಅವನಿಗೂ ತೋರಿಸಿದೆ. ಅವನು ಬಾನೆಟ್ಟಿನ ಪಕ್ಕದಿಂದ ಇಣುಕಿ, ನಗುತ್ತಲೂ ಹಣೆ ಬಡಿದುಕೊಳ್ಳುತ್ತಲೂ ಏನೋ ಕೂಗಿದ.

“ಹಳೇ ಹೋಸ್ ಒಳಗೆ ಚಪ್ಪಟೆ ಆಗದಂಗೆ ಸುರುಳಿ ಕಂಬಿ ಇತ್ತು ಕಣೋ! ಪೂರ್ತಿ ತುಕ್ಕು ಹಿಡಿದಿತ್ತು ಅಂತ ಎಸೆದೆ. ಹೊಸ ಹೋಸ್ ಚೆನ್ನಾಗಿ ಕಾಣ್ತಿತ್ತು, ಹಂಗೇ ಹಾಕ್ದೆ.”

ಅವನು ಮಾತಾಡುತ್ತಲೇ ಇದ್ದ. ನನಗೆ ಮುಂದಿನದು ಕೇಳಿಸಲಿಲ್ಲ. ಅವನು ಏಳು ಸಲ ಹೇಳಿದ್ದನ್ನು, ಇದೇ ಮಾತಿನಲ್ಲಿ, ಬಹಳ ವರ್ಷಗಳ ಹಿಂದೆ ಇನ್ನೊಬ್ಬ ನನಗೆ ಹೇಳಿದ್ದ.

ತಿಪ್ಪೇಸ್ವಾಮಿ ನಮ್ಮ ಕಂಪನಿಯಲ್ಲಿ ದುರ್ಗ–ಬೆಂಗಳೂರು ಬಸ್ಸಿನ ಡ್ರೈವರ್. ಹೈವೇ ಆಗಷ್ಟೇ ಅಗಲವಾಗಿ, ಬಸ್ಸುಗಳು ಹಿಂದೆಂದೂ ಓಡದ ವೇಗದಲ್ಲಿ ಓಡತೊಡಗಿದ ಕಾಲ. ಗಾಡಿ ಹೀಟ್ ಆಗುತ್ತಿದೆ ಎಂದು ಅವನು ಮೂರು ಸಲ ಶೆಡ್ಡಿಗೆ ಬಂದ. ಮೂರು ಸಲವೂ ನಾನು ನಿಲ್ಲಿಸಿ, ಸ್ಟಾರ್ಟ್ ಮಾಡಿ ನೋಡಿದೆ. “ನಿಂತ್ರೆ ಸರಿಹೋಗ್ತೈತೆ ಸಾರ್, ಓಡ್ಸಿದ್ರೆ ಹೀಟ್ ಆಗ್ತೈತೆ,” ಅಂದಿದ್ದ. “ಗಾಡಿ ಸರಿ ಐತೆ, ನಿನ್ನ ಕಾಲು ಸರಿ ಇಲ್ಲ. ಮೆತ್ತಗೆ ತುಳಿ,” ಅಂದಿದ್ದೆ. ಶೆಡ್ಡಿನಲ್ಲಿದ್ದವರು ನಕ್ಕಿದ್ದರು. ಮುಂದಿನ ವಾರ ಜವಗೊಂಡನಹಳ್ಳಿ ಹತ್ತಿರ ಇಂಜಿನ್ ಬಿಸಿಗೆ ಹಿಡಿದುಕೊಂಡು ನಿಂತುಹೋಯಿತು. ಮಾಲೀಕರು ಕಾರಣ ಬರೆದುಕೊಡು ಅಂದರು. ‘ಚಾಲಕ ನೀರು ನೋಡದೆ ಓಡಿಸಿದ್ದಾನೆ’ ಎಂದು ಬರೆದು ಸಹಿ ಹಾಕಿದೆ. ಅವತ್ತೇ ಅವನನ್ನು ತೆಗೆದರು. ಬೇರೆ ಇಂಜಿನ್ ಕೂರಿಸುವಾಗ ಹೋಸುಗಳೂ ಹೊಸವೇ ಬಂದವು, ಹಳೆಯವು ಗುಜರಿಗೆ ಹೋದವು. ಬಸ್ಸು ಆಮೇಲೆ ಹೀಟ್ ಆಗಲಿಲ್ಲ. ಡ್ರೈವರ್ ಬದಲಾದದ್ದಕ್ಕೆ ಸರಿಹೋಯಿತು ಎಂದು ನಾನು ಹೇಳಿಕೊಂಡು ತಿರುಗಿದೆ.

ಆ ಬಸ್ಸಿನಲ್ಲೂ ಇದೇ ಆಗಿತ್ತು ಎಂದು ಆಣೆ ಮಾಡಿ ಹೇಳಲಾರೆ. ಹೋಸು ಕಣ್ಣಾರೆ ಕಂಡಿದ್ದರೆ ತಾನೇ? ನಾನು ನೋಡಲಿಲ್ಲ ಎನ್ನುವುದಷ್ಟೇ ಖಾತ್ರಿ. ನೋಡದೆ ಬರೆದೆ.

ಬಿಡಿಭಾಗದ ಅಂಗಡಿ

ಊರಿನ ಬಿಡಿಭಾಗದ ಅಂಗಡಿಯಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು ಕೌಂಟರಿನ ಹಿಂದೆ ಇದ್ದಳು. ಈಗಿನ ಹೋಸುಗಳಲ್ಲಿ ಕಂಬಿ ಬರುವುದಿಲ್ಲ, ಬೇಕಾಗಿಲ್ಲ ಅನ್ನುತ್ತಾರೆ ಅಂದಳು. ಇಮ್ತಿಯಾಜ್ ಹೋಸು ಚಪ್ಪಟೆಯಾಗುವಾಗ ತನ್ನ ಫೋನಿನಲ್ಲಿ ತೆಗೆದಿದ್ದ ವೀಡಿಯೋ ತೋರಿಸಿದ. ಅವಳು ಕನ್ನಡಕ ತೆಗೆದು ಫೋನನ್ನು ಹತ್ತಿರ ಹಿಡಿದು ಎರಡು ಸಲ ನೋಡಿ, “ಬೇಕು ಅನ್ನಿಸುತ್ತೆ,” ಅಂದಳು. ಯಾರಿಗೋ ಫೋನ್ ಮಾಡಿದಳು. ಒಂದೂವರೆ ಗಂಟೆಯಲ್ಲಿ ಪಕ್ಕದ ಊರಿನಿಂದ ಕಂಬಿ ಇರುವ ಹೋಸು ಬಂತು. ಅವಳ ನಡತೆ ನನಗೆ ಬಹಳ ಹಿಡಿಸಿತು. ತನಗೆ ಗೊತ್ತಿದ್ದದ್ದನ್ನು ಹೇಳಿದಳು, ಕಣ್ಣಾರೆ ನೋಡಿದ ಮೇಲೆ ಅದನ್ನು ಬಿಟ್ಟುಕೊಟ್ಟಳು. ಅದಕ್ಕೆ ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅಂಗಡಿಯ ಹಿಂದಿನ ಜಾಗದಲ್ಲೇ ಹೋಸು ಹಾಕಿದೆವು. ಕೂಲಂಟ್ ನೀರು ತುಂಬಿಸುವ ಮೊದಲು ಇಮ್ತಿಯಾಜ್ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಥರ್ಮೋಸ್ಟಾಟ್ ತೆಗೆದ.

“ಇದನ್ನ?”

“ಹಾಕಣ,” ಅಂದೆ. “ಅದರದೇನು ತಪ್ಪು?”

ಲಿವೋನಿಯಾ

ಉಳಿದ ನೂರ ನಲವತ್ತು ಮೈಲಿ ಮುಳ್ಳು ಒಂದೇ ಕಡೆ ನಿಂತಿತ್ತು. ಎಪ್ಪತ್ತು ಮೈಲಿ ವೇಗದಲ್ಲೂ ಅಲ್ಲಾಡಲಿಲ್ಲ. ಇಮ್ತಿಯಾಜ್ ಹಳೇ ಸಿನಿಮಾ ಹಾಡು ಗುನುಗುತ್ತಿದ್ದ. ನಾನು ತಿಪ್ಪೇಸ್ವಾಮಿಯ ವಿಷಯ ಅವನಿಗೆ ಹೇಳಿದೆ. ಗುನುಗುವುದು ನಿಲ್ಲಿಸಿ ಪೂರ್ತಿ ಕೇಳಿದ. ಸಮಾಧಾನ ಹೇಳುತ್ತಾನೆ ಅಂದುಕೊಂಡಿದ್ದೆ.

“ಬದುಕಿದಾನಾ?” ಎಂದು ಕೇಳಿದ.

“ಗೊತ್ತಿಲ್ಲ.”

“ಮೊದ್ಲು ಅದನ್ನ ತಿಳ್ಕೊ.”

ಮಧ್ಯಾಹ್ನ ಮೂರಕ್ಕೆ ಲಿವೋನಿಯಾ ಮುಟ್ಟಿದೆವು. ಒಂದೇ ಥರದ ಸಣ್ಣ ಇಟ್ಟಿಗೆ ಮನೆಗಳ ಬೀದಿ. ಹ್ಯಾರಲ್ಡ್ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಕ್ಯಾರಲ್. ಕಾರು ಬೀದಿಯ ತಿರುವಿನಲ್ಲಿದ್ದಾಗಲೇ ಆ ಸಣಕಲು ಮುದುಕರು ಎದ್ದು ನಿಂತರು. ಕಾಣುವಷ್ಟು ಹತ್ತಿರ ನಾವಿನ್ನೂ ಬಂದಿರಲಿಲ್ಲ. ಸದ್ದಿಗೆ ಎದ್ದದ್ದು.

ಇಮ್ತಿಯಾಜ್ ಇಂಜಿನ್ ಆರಿಸಲು ಹೋದ. ಅವರು ಕೈಯಾಡಿಸಿ ಬೇಡ ಅಂದರು. ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ತಲೆ ಓರೆ ಮಾಡಿ, ಬಹಳ ಹೊತ್ತು ಕೇಳುತ್ತ ನಿಂತರು. ಆಮೇಲೆ ಬಾಗಿಲು ತಡವಿ ತೆಗೆದು, ಸೀಟಿನ ಅಂಚಿನುದ್ದಕ್ಕೂ ಬೆರಳು ಓಡಿಸಿದರು.

“ಹೊಲಿಗೆ ಎಲ್ಲಿ ಮುಗಿಯುತ್ತೆ ಇಮ್ತಿ?”

“ಅದನ್ನ ಹೇಳಬಾರದು ಅಂತ ನಮ್ಮ ತಂದೆಯವರ ಅಪ್ಪಣೆ,” ಅಂದ ಇಮ್ತಿಯಾಜ್. ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಹ್ಯಾರಲ್ಡ್ ಅವನ ತೋಳು ಬಿಡಲಿಲ್ಲ.

ಪಕ್ಕದ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ಇಮ್ತಿಯಾಜ್ ಬಡಾವಣೆಯನ್ನು ಮೂರು ಸುತ್ತು ಹಾಕಿದ, ನಾಲ್ಕನೆಯದಕ್ಕೆ ಹೈವೇಗೇ ಹೋದ. ಕ್ಯಾರಲ್ ಮತ್ತು ನಾನು ಅಂಗಳದಲ್ಲಿ ನಿಂತಿದ್ದೆವು. ನನ್ನ ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ, ಅವಳದು ನನಗೂ ಹಾಗೇ. ಅವಳು ಎರಡು ಲೋಟ ನಿಂಬೆ ಶರಬತ್ತು ತಂದಳು. ಕಾರಿನ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬರುವುದನ್ನು ಕೇಳುತ್ತ ಇಬ್ಬರೂ ಕುಡಿದೆವು. ಅವಳು ಯಾಕೋ ಅಳುತ್ತಿದ್ದಳು, ನಾನು ಬೇರೆ ಕಡೆ ನೋಡಿದೆ.

ಬಂದ ಮೇಲೆ ಹ್ಯಾರಲ್ಡ್ ಹೋಸಿನ ಕತೆ ಕೇಳಿದರು. ಯಾರು ಕಂಡುಹಿಡಿದದ್ದು ಅಂದರು. ಇಮ್ತಿಯಾಜ್ ನನ್ನ ಕಡೆ ಕೈ ತೋರಿಸಿದ.

“ನಾನಲ್ಲ,” ಅಂದೆ, ನನಗೆ ಬಂದ ಇಂಗ್ಲಿಷಿನಲ್ಲಿ. “ಇವನು ಏಳು ಸಲ ಹೇಳಿದ. ನಾನು ಒಂದು ಸಲ ಕೇಳಿದೆ.”

ಅವರು ಜೋಕು ಎಂದು ನಕ್ಕರು. ನಾನೂ ನಕ್ಕೆ.

ಅವತ್ತು ಅವರ ಮನೆಯಲ್ಲೇ ಉಳಿದೆವು. ಶನಿವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ನಮ್ಮ ಬಸ್ ಸ್ಟ್ಯಾಂಡಿನ ಹಳೇ ಕಂಡಕ್ಟರ್ ಮಂಜಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಸಂಜೆ. ತಿಪ್ಪೇಸ್ವಾಮಿ ಇದ್ದಾನೆ, ಬಹಳ ವರ್ಷ ಲಾರಿ ಓಡಿಸಿ ಈಗ ಹಿರಿಯೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಹೇಳಿ ನಂಬರ್ ಕೊಟ್ಟ. ಆ ನಂಬರ್ ಒತ್ತುವುದಕ್ಕೆ ನಾನು ತೆಗೆದುಕೊಂಡ ಹೊತ್ತನ್ನು ಇಲ್ಲಿ ಬರೆಯುವುದಿಲ್ಲ.

ಹೆಸರು ಹೇಳಿದೆ. ಹೋಸಿನ ವಿಷಯ ಪೂರ್ತಿ ಹೇಳಿದೆ. ನೋಡದೆ ಬರೆದೆ, ತಪ್ಪಾಯಿತು ಅಂದೆ.

“ಎಲ್ಲಿಂದ ಸಾರ್ ಮಾತಾಡ್ತಿರೋದು?”

“ಅಮೇರಿಕದಿಂದ.”

“ಅಲ್ಲೀವರೆಗೂ ಹೋಗ್ಬೇಕಾಯ್ತಾ ಸಾರ್?” ಅಂದ. ಅದರಲ್ಲಿ ಕುಹಕ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದ, “ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್. ಅವತ್ತು ಬರೆದಿದ್ರಿ. ಇದನ್ನೂ ಬರೆದೇ ಕೊಡಿ.”

ಹಿರಿಯೂರು

ಪ್ರವಾಸ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮುಗಿಯಬೇಕಿತ್ತು. ನನ್ನದು ಇನ್ನೊಂದು ನಿಲ್ದಾಣ ಹೆಚ್ಚಾಯಿತು. ಬಂದ ನಾಲ್ಕನೇ ದಿನ ಹಿರಿಯೂರಿಗೆ ಹೋದೆ.

ತಿಪ್ಪೇಸ್ವಾಮಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗಳು ಕುರ್ಚಿ ಹಾಕಿ ನೀರು ಕೊಟ್ಟು, ನಾನು ಯಾರೆಂದು ಗೊತ್ತಿದ್ದುದರಿಂದ ಒಳಗೆ ಹೋಗದೆ ಬಾಗಿಲ ಹತ್ತಿರ ನಿಂತಳು. ಬರೆದು ತಂದಿದ್ದ ಹಾಳೆ ಕೊಟ್ಟೆ. ಬಸ್ಸಿನ ನಂಬರ್, ಅವನು ಮೂರು ಸಲ ಬಂದು ದೂರು ಹೇಳಿದ್ದು, ನಾನು ಓಡುವ ಇಂಜಿನ್ನನ್ನು ಪರೀಕ್ಷಿಸದೆ ಅವನ ಮೇಲೆ ತಪ್ಪು ಹೊರಿಸಿದ್ದು, ಎಲ್ಲ ಇತ್ತು. ಕೆಳಗೆ ಸಹಿ. ಅವನು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ. ಓದಿ ಮಗಳಿಗೆ ಕೊಟ್ಟ. ಅವಳು ಓದಿ ವಾಪಸ್ಸು ಕೊಟ್ಟಳು. ಅವನು ಹಾಳೆಯನ್ನು ನನ್ನ ಮುಂದೆ ಚಾಚಿದ.

“ತಾರೀಖು ಹಾಕಿಲ್ಲ ಸಾರ್.”

ಪೆನ್ನು ತೆಗೆದು ಅವತ್ತಿನ ತಾರೀಖು ಬರೆಯಲು ಹೋದೆ.

“ಇವತ್ತಿಂದಲ್ಲ,” ಅಂದ. “ನನ್ನ ಕೆಲ್ಸ ಹೋದ ದಿನದ್ದು.”

ನನಗೆ ಅದು ನೆನಪಿರಲಿಲ್ಲ. ವರ್ಷವೇ ಸರಿಯಾಗಿ ನೆನಪಿರಲಿಲ್ಲ. ಅವನು ಹೇಳಿದ. ದಿನ, ತಿಂಗಳು, ವರ್ಷ, ವಾರ ಯಾವುದು ಎಂಬುದನ್ನೂ ಸೇರಿಸಿ. ಅವನು ಹೇಳಿದ ಹಾಗೆ ಬರೆದೆ.